ಯಾವ ತಂತಿ ನುಡಿಯಿತು, ಅದನ್ನು ಬರೆಯಿರಿ

ನಮಸ್ಕಾರ.

ನಿಮ್ಮ ‘ಆರು ಗಿಟಾರ್, ಒಂದು ರಾತ್ರಿ’ ಲೇಖನ ಓದಿದೆ. ಗೆಳೆಯರ ಖಾಲಿ ಮನೆಯಲ್ಲಿ ಅಕೂಸ್ಟಿಕ್ ಗಿಟಾರ್‌ಗಳನ್ನು ನೆಲದ ಮೇಲೆ ಮಲಗಿಸಿ, ಒಂದರ ತಂತಿಯ ಮೇಲೆ ಈ-ಬೋ (ಮುಟ್ಟದೆಯೇ ತಂತಿಯನ್ನು ಮಿಡಿಸುತ್ತಲೇ ಇರುವ ಪುಟ್ಟ ಸಾಧನ) ಇಟ್ಟು, ಉಳಿದವು ಜೊತೆಗೂಡುವುದನ್ನು ಬೆಳಗಿನವರೆಗೆ ಕೇಳಿದ್ದೀರಿ. ಕನ್ನಡದಲ್ಲಿ ಇದನ್ನೆಲ್ಲ ಬರೆಯುವವರು ಕಡಿಮೆ. ನಿಮ್ಮ ಭಾಷೆಯೂ ಸರಾಗವಾಗಿದೆ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು.

“ಯಾರೂ ಮುಟ್ಟದ ಗಿಟಾರ್ ತಾನಾಗಿಯೇ ಹಾಡತೊಡಗಿತು.” ತಾನಾಗಿ ಹೇಗೆ ಹಾಡುತ್ತೆ? ಪಕ್ಕದ ಗಿಟಾರ್‌ನ ‘ಎ’ ತಂತಿಯ ಮೇಲೆ ಈ-ಬೋ ಇತ್ತು ಅಂತ ನೀವೇ ಹಿಂದಿನ ಪ್ಯಾರಾದಲ್ಲಿ ಹೇಳಿದ್ದೀರಿ. ಆ ತಂತಿ 110 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದರ ದನಿಯೊಳಗೆ ಎರಡು ಪಟ್ಟಿನ 220 ಇದೆ, ಮೂರು ಪಟ್ಟಿನ 330 ಇದೆ. ಮುಟ್ಟದ ಗಿಟಾರ್‌ನ ತೆಳು ‘ಇ’ ತಂತಿ 329.6ರಲ್ಲಿದೆ. ಇಷ್ಟು ಹತ್ತಿರ ಇದ್ದ ಮೇಲೆ ಅದು ಮಿಡಿಯದೆ ಇರುತ್ತಾ? ಬೆರಗು ಇರುವುದೇ ಇಲ್ಲಿ. ಅದನ್ನೇ ನೀವು ಮುಚ್ಚಿಟ್ಟಿದ್ದೀರಿ.

“ನಾದ ಉಸಿರಾಡತೊಡಗಿತು, ಅದು ಬ್ರಹ್ಮಾಂಡದ ಓಂಕಾರ.” ಈ ಸಾಲು ಬರುವುದು ಎರಡನೇ ಈ-ಬೋವನ್ನು ಆ ‘ಇ’ ತಂತಿಯ ಮೇಲೆ ಇಟ್ಟ ಮೇಲೆ, ಅಲ್ವಾ? ಟ್ಯೂನರ್ ಹಿಡಿದು ಮಾಮೂಲಿ ಶ್ರುತಿ ಮಾಡಿದ್ದರೆ 330ಕ್ಕೂ 329.6ಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಉಳಿಯುತ್ತದೆ. ಅದರಿಂದಾಗಿ ಸದ್ದು ಹೆಚ್ಚು ಕಡಿಮೆ ಮೂರು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ನಿಮ್ಮ ಕಿವಿ ಅದನ್ನು ಹಿಡಿದಿದೆ. ಒಳ್ಳೆಯ ಕಿವಿ. ಹಾಗಿದ್ದ ಮೇಲೆ ಬ್ರಹ್ಮಾಂಡ ಯಾಕೆ ಬೇಕು? ಉಬ್ಬಿ ಇಳಿದಿದ್ದನ್ನು ಬರೆದರೆ ಸಾಕಿತ್ತು. ಇನ್ನು ತಂತಿ ಉಕ್ಕಿನದೋ ನೈಲಾನಿನದೋ, ಎಲ್ಲೂ ಹೇಳಿಲ್ಲ. ಈ-ಬೋ ಕಾಂತಶಕ್ತಿಯಿಂದ ತಂತಿ ಅಲುಗಿಸುತ್ತದೆ. ನೈಲಾನ್ ತಂತಿಯ ಮುಂದೆ ಅದರ ಆಟ ನಡೆಯುವುದಿಲ್ಲ.

“ಲೂಸಿಯರ್‌ನಂತೆ ಮೌನಕ್ಕೆ ಕಿವಿಗೊಟ್ಟೆ” ಎಂದಿದ್ದೀರಿ. ಅಮೆರಿಕದ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯರ್ 1977ರಲ್ಲಿ ಉದ್ದನೆಯ ತಂತಿಯೊಂದನ್ನು ಬಿಗಿದು, ಒಂದು ತುದಿಯಲ್ಲಿ ಅಯಸ್ಕಾಂತ ಇಟ್ಟು, ತಂತಿಯೊಳಗೆ ಆಸಿಲೇಟರ್‌ನ (ಒಂದೇ ಸಮನೆ ಕಂಪಿಸುವ ವಿದ್ಯುತ್ ಹೊರಡಿಸುವ ಉಪಕರಣದ) ಸಿಗ್ನಲ್ ಹಾಯಿಸಿದರು. ಸಿಗ್ನಲ್ ಬದಲಿಸದೆ ಬಿಟ್ಟರೂ ತಂತಿಯ ದನಿ ತಾನೇ ಬದಲಾಗುತ್ತಾ ಹೋಗುತ್ತಿತ್ತು. ನೋಡಿ, ಎರಡೇ ವಾಕ್ಯ. ಬೆರಗೇನಾದರೂ ಕಡಿಮೆಯಾಯಿತಾ?

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಕಛೇರಿಗಳ ವರದಿ ಬರೆಯುತ್ತಿದ್ದೆ. ಬೇಗ ಹೋಗಿ ತಂಬೂರಿ ಶ್ರುತಿ ಮಾಡುವುದನ್ನು ನೋಡು ಅನ್ನುತ್ತಿದ್ದರು ನಮ್ಮ ಹಿರಿಯ ಉಪಸಂಪಾದಕರು. ಹೋಗಿ ಪಕ್ಕದಲ್ಲೇ ಕೂರುತ್ತಿದ್ದೆ. ತಂಬೂರಿಯವರು ತಂತಿಗಳನ್ನು ಹೊತ್ತ ಕುದುರೆಯೆಂಬ ಪಟ್ಟಿಯ ಮೇಲೆ, ತಂತಿಯಡಿ ಸೇರಿಸಿದ ಜೀವಾಳದ ದಾರವನ್ನು ಉಗುರಿನಿಂದ ಚೂರೇ ಚೂರು ಸರಿಸುತ್ತಿದ್ದರು. ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಥಟ್ಟನೆ ಝೇಂಕರಿಸುತ್ತಿತ್ತು. ಇನ್ನೂ ಒಂಚೂರು ಸರಿಸಿದರೆ ಮತ್ತೆ ಮಂಕು. ನಾನು ವರದಿಯಲ್ಲಿ ‘ದೈವಿಕ ನಾದ’ ಅಂತ ಬರೆದು ಕೊಟ್ಟರೆ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು: “ದಾರ ಎಲ್ಲಿತ್ತಪ್ಪಾ?” ಅದನ್ನು ಬರೆಯುವವರೆಗೆ ಪ್ರತಿ ಅಚ್ಚಿಗೆ ಹೋಗುತ್ತಿರಲಿಲ್ಲ. ನನಗೆ ಕೇಳುವುದನ್ನು ಕಲಿಸಿದ್ದು ಆ ಪ್ರಶ್ನೆ.

ಆ ಮನೆ ಇನ್ನೂ ಖಾಲಿ ಇದ್ದರೆ ಮತ್ತೊಮ್ಮೆ ಹೋಗಿ. ಈ-ಬೋ ಎತ್ತಿದ ಮೇಲೆ ಯಾವ ಗಿಟಾರ್‌ನ ಯಾವ ತಂತಿ ಕೊನೆಯವರೆಗೆ ಉಳಿಯಿತು, ಎಷ್ಟು ಹೊತ್ತು ಉಳಿಯಿತು, ಅದನ್ನು ಕೇಳಿ ಬರೆದುಕೊಳ್ಳಿ. ಎರಡನೇ ಪುಟವನ್ನು ಪೂರ್ತಿ ಹೊಸದಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.