ಕುಡಿದು ಹಾಡಿದ ಆ ರಾತ್ರಿಯಲ್ಲೇ ನಿಮ್ಮ ಕಥೆ ಇದೆ

ನಮಸ್ಕಾರ್ರೀ,

ನೀವು ಬೀದರಿನಿಂದ ಕಳಿಸಿದ ಕಥೆ ಓದಿದೆ. ಈಗ ಇರುವ ಹಾಗೆ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಸುಮ್ನೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುವ ಕಥೆಯೂ ಅಲ್ಲ ಇದು. ಎರಡು ಜಾಗದಲ್ಲಿ ನೀವು ಬಹಳ ದೊಡ್ಡದನ್ನು ಮುಟ್ಟಿದ್ದೀರಿ. ಮುಟ್ಟಿ, ನಿಲ್ಲದೆ ಮುಂದೆ ಹೋಗಿಬಿಟ್ಟಿದ್ದೀರಿ.

ಕಥೆ ಇಷ್ಟು: ಬೀದರ ಹತ್ತಿರದ ಹಳ್ಳಿಯ ಹುಡುಗ ಚರ್ಚಿನಲ್ಲಿ ಪೇಟಿ ಬಾರಿಸುವುದು ಕಲಿಯುತ್ತಾನೆ. ದನಿ ಚೆಂದ, ಉಜ್ಜೀವನ ಕೂಟಗಳಿಗೆ, ಅಂದರೆ ಪೆಂಡಾಲು ಹಾಕಿ ನಡೆಸುವ ಪ್ರಾರ್ಥನಾ ಸಭೆಗಳಿಗೆ, ಕರೆ ಬರುತ್ತದೆ, ಹೈದರಾಬಾದಿಗೆ ಹೋಗಿ ಹಾಡು ರೆಕಾರ್ಡ್ ಮಾಡಿಸುತ್ತಾನೆ. ಕೈಗೆ ದುಡ್ಡು ಬರುತ್ತದೆ, ಜೊತೆಗೆ ಕುಡಿತ. ಹೆಂಡತಿಯ ಬಂಗಾರ ಹೋಗುತ್ತದೆ, ಮನೆ ಹೋಗುತ್ತದೆ. ಕೊನೆಗೆ ಒಂದು ರಾತ್ರಿ ಕೂಟದ ಪೆಂಡಾಲಿನ ಹಿಂದೆ ನಿಂತು ಹಳೇ ಕೀರ್ತನೆ ಕೇಳಿ ಅಳುತ್ತಾನೆ, ಮುಂದೆ ಬಂದು ಮೊಣಕಾಲೂರುತ್ತಾನೆ, ಸಭೆಯೆಲ್ಲ ಎದ್ದು ಹಾಡುತ್ತದೆ. ಮುಗೀತು.

ಕೊನೆಯ ನಾಲ್ಕು ಪುಟ ಪೂರ್ತಿ ಆ ಅಳು. ಬಿದ್ದದ್ದು ಮಾತ್ರ ಒಂದೂವರೆ ಪುಟ! ಅದರಲ್ಲೂ ‘ಕುಡಿತದ ದಾಸನಾದ’, ‘ಪಾಪದ ಕೂಪಕ್ಕೆ ಇಳಿದ’ ಅನ್ನುವ ಮಾತುಗಳೇ ಜಾಸ್ತಿ. ಇವು ಕೂಟದಲ್ಲಿ ಸಾಕ್ಷಿ ಹೇಳುವವರ, ಅಂದರೆ ತಾವು ಬದಲಾದ ಕಥೆ ಹೇಳುವವರ ಮಾತು. ಅಲ್ಲಿ ನಡೆಯುತ್ತದೆ, ಯಾಕಂದರೆ ಹೇಳುವ ಮನುಷ್ಯ ಕಣ್ಣೆದುರಿಗೇ ನಿಂತಿರುತ್ತಾನೆ, ಅವನ ಮುಖ ನೋಡಿಯೇ ಉಳಿದದ್ದು ತಿಳಿಯುತ್ತದೆ. ಕಥೆಯಲ್ಲಿ ಆ ಮುಖವನ್ನು ನೀವೇ ತೋರಿಸಬೇಕು. ನಿಮ್ಮ ಹಾಡುಗಾರನಿಗೆ ಹೆಸರೂ ಇಟ್ಟಿಲ್ಲ, ಮೊದಲಿನಿಂದ ಕೊನೆವರೆಗೆ ಬರೀ ‘ಗಾಯಕ’. ಒಂದು ಹೆಸರು ಇಡಿ, ಅವನ ತಾಯಿ ಕೂಗಿ ಕರೆಯುವಂಥದ್ದು.

ಈಗ ಆ ಎರಡು ಜಾಗಕ್ಕೆ ಬರುತ್ತೇನೆ.

ಒಂದು, ಹಿಟ್ಟಿನ ಡಬ್ಬಿ. ಹೆಂಡತಿ ಜೋಳದ ಹಿಟ್ಟಿನೊಳಗೆ ಬಚ್ಚಿಟ್ಟ ನೋಟನ್ನು ಅವನು ತೆಗೆದುಕೊಂಡು ಹೋಗುತ್ತಾನೆ. ವೈನ್ ಶಾಪಿನವನು ನೋಟಿಗೆ ಮೆತ್ತಿದ ಹಿಟ್ಟು ಕೊಡವಿ ಗಲ್ಲಾಕ್ಕೆ ಹಾಕುತ್ತಾನೆ. ಎಷ್ಟು ಚೆನ್ನಾಗಿದೆ! ಒಂದೇ ಸಾಲಿನಲ್ಲಿ ಆ ಮನೆಯೆಲ್ಲ ಕಂಡಿತು ನನಗೆ. ಆದರೆ ಅವತ್ತು ಸಂಜೆ ಆಕೆ ರೊಟ್ಟಿಗೆ ಹಿಟ್ಟು ತೆಗೆಯಲು ಡಬ್ಬಿಗೆ ಕೈ ಹಾಕುತ್ತಾಳಲ್ಲ, ತಳದವರೆಗೆ ಹುಡುಕುತ್ತಾಳಲ್ಲ, ಅದನ್ನು ಯಾಕೆ ಬರೆಯಲಿಲ್ಲ? ಆ ಹೆಂಗಸು ಆಮೇಲೆ ಕಥೆಯಲ್ಲಿ ಕಾಣುವುದೇ ಇಲ್ಲ. ಕೊನೆಗೆ ಹೆಂಗಸರ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ, ಅಷ್ಟೇ. ಆಕೆ ಕ್ಷಮಿಸಿದಳು ಅಂತ ನಾವೇ ಅಂದುಕೊಳ್ಳಬೇಕಾ? ಆಕೆಯನ್ನು ಯಾರೂ ಒಂದು ಮಾತು ಕೇಳಲೇ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. ನಡುವೆ ಒಂದು ಸಾಲು ಇದೆ: ‘ಕುಡಿದು ಹಾಡಿದರೂ ಜನ ಅತ್ತರು.’ ಅದನ್ನು ಬರೆದು ಮುಂದಿನ ಸಾಲಿಗೇ ನೀವು ಅವನನ್ನು ಆಸ್ಪತ್ರೆಗೆ ಸೇರಿಸಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಭಕ್ತಿಗೀತೆ ಹಾಡುವವನ ಕಷ್ಟ ಬೇರೆ ಕುಡುಕರ ಕಷ್ಟದ ಹಾಗಲ್ಲ. ಮೇಸ್ತ್ರಿ ಕುಡಿದರೆ ಗೋಡೆ ಸೊಟ್ಟ ಆಗುತ್ತದೆ, ಊರಿಗೇ ಗೊತ್ತಾಗುತ್ತದೆ. ಇವನ ದನಿ ಮಾತ್ರ ಕೆಟ್ಟಿಲ್ಲ. ಕನ್ನಡ ಕೀರ್ತನೆ ಮುಗಿಸಿ ತೆಲುಗಿಗೆ ಹೋಗುತ್ತಾನೆ, ಅಲ್ಲಿಂದ ಹಿಂದಿಗೆ, ಜನ ಕೈ ಎತ್ತಿ ಅಳುತ್ತಾರೆ, ಯಾರೋ ರೋಗಿ ಎದ್ದು ಕೂಡುತ್ತಾನೆ, ಆ ಹಾಡು ಅವರೆಲ್ಲರಿಗೂ ನಿಜ, ಹಾಡುವವನೊಬ್ಬನಿಗೆ ಬಿಟ್ಟು. ಆಗ ಅವನ ಮನಸ್ಸಿನಲ್ಲಿ ಏನಿದೆ? ದೇವರು ಇನ್ನೂ ನನ್ನ ಕೈಬಿಟ್ಟಿಲ್ಲ ಅಂದುಕೊಳ್ಳುತ್ತಾನಾ? ಅಥವಾ ಹೀಗೂ ನಡೆಯುತ್ತದೆ ಅಂತ ಧೈರ್ಯ ಬರುತ್ತದಾ? ಪಕ್ಕದಲ್ಲಿ ಕೂತ ಢೋಲಕ್‌ನವನಿಗೆ ವಾಸನೆ ಬಂದಿರುತ್ತದೆ ಅಲ್ವಾ? ಸಭಾಪಾಲಕರಿಗೂ ಗೊತ್ತು. ಆದರೂ ಮೈಕು ಅವನ ಕೈಗೇ ಕೊಡುತ್ತಾರೆ, ಯಾಕಂದರೆ ಅವನು ಹಾಡಿದ ದಿನ ಪೆಂಡಾಲು ತುಂಬುತ್ತದೆ, ಕಾಣಿಕೆಯೂ ಜಾಸ್ತಿ ಬೀಳುತ್ತದೆ. ಇದನ್ನು ಬರೆಯಲು ನಿಮಗೆ ಅಂಜಿಕೆ ಆಗಿರಬಹುದು, ನಮ್ಮವರೇ ಏನಂದುಕೊಂಡಾರು ಅಂತ. ಆದರೆ ಇದನ್ನು ಬಿಟ್ಟರೆ ಅವನು ಒಬ್ಬನೇ ಬಿದ್ದ ಹಾಗಾಗುತ್ತದೆ. ಹಾಗೆ ಯಾರೂ ಒಬ್ಬರೇ ಬೀಳುವುದಿಲ್ಲ.

ಅಮೆರಿಕದ ಗಾಸ್ಪೆಲ್ ಗಾಯಕರ, ಅಂದರೆ ಅಲ್ಲಿನ ಕ್ರೈಸ್ತ ಭಕ್ತಿಗೀತೆ ಹಾಡುವವರ, ಜೀವನ ಓದಿ ಈ ಕಥೆ ಹೊಳೆಯಿತು ಅಂತ ಪತ್ರದಲ್ಲಿ ಬರೆದಿದ್ದೀರಿ. ಒಳ್ಳೆಯದು, ಆದರೆ ಅವರ ಬದುಕನ್ನೇ ಸರಿಯಾಗಿ ನೋಡಿ. ಪ್ರೇಮಗೀತೆಗಳಿಗೆ ಹೆಸರಾದ ಗಾಯಕ ಆಲ್ ಗ್ರೀನ್ ಅವರನ್ನೇ ತಗೊಳ್ಳಿ. 1974ರಲ್ಲಿ ಅವರ ಮನೆಯಲ್ಲಿ ಗೆಳತಿಯೊಬ್ಬಳು ಅವರ ಮೈಮೇಲೆ ಮೆಕ್ಕೆಜೋಳದ ಕುದಿಯುವ ಗಂಜಿ ಸುರಿದಳು, ಆಮೇಲೆ ತಾನೇ ಗುಂಡು ಹೊಡೆದುಕೊಂಡು ಸತ್ತಳು. 1976ಕ್ಕೆ ಅವರು ಮೆಂಫಿಸ್‌ನಲ್ಲಿ ಪಾದ್ರಿ ಆದರು. ಆದರೆ ಪ್ರೇಮಗೀತೆ ಹಾಡುವುದನ್ನು ಆಗಲೂ ಬಿಡಲಿಲ್ಲ. 1979ರಲ್ಲಿ ವೇದಿಕೆಯಿಂದ ಬಿದ್ದು ಗಾಯವಾದಾಗ ಅದು ದೇವರ ಎಚ್ಚರಿಕೆ ಅಂದುಕೊಂಡು ಭಕ್ತಿಗೀತೆಗೆ ತಿರುಗಿದರು, ವರ್ಷಗಳ ಮೇಲೆ ಮತ್ತೆ ಹಳೇ ಹಾಡುಗಳಿಗೂ ಬಂದರು. ಮೊದಲ ಪೆಟ್ಟಿಗೂ ಆ ತಿರುವಿಗೂ ನಡುವೆ ಐದು ವರ್ಷ! ನೀವು ಅಷ್ಟನ್ನೂ ಒಂದು ರಾತ್ರಿಯಲ್ಲಿ ಮುಗಿಸಿದ್ದೀರಿ.

ದೂರದವರು ಬೇಡ ಅಂದರೆ ಬೈಬಲ್ಲಿನ ರಾಜ ದಾವೀದ ಇದ್ದಾನಲ್ಲ. ಅವನೂ ಹಾಡುಗಾರನೇ. ಬತ್ಷೆಬೆಯ ವಿಷಯಕ್ಕೆ ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಪ್ರವಾದಿ ನಾತಾನ ಬಂದು ಮುಖಕ್ಕೆ ಹೇಳಿದ ಮೇಲೆ ಹಾಡಿದ್ದು 51ನೇ ಕೀರ್ತನೆ. ಆ ಕೀರ್ತನೆಯಲ್ಲಿ ಅವನು, ದೇವರೇ ನಿನಗೊಬ್ಬನಿಗೇ ತಪ್ಪು ಮಾಡಿದೆ ಅನ್ನುತ್ತಾನೆ. ಊರೀಯನ ಹೆಸರು ಹಾಡಿನೊಳಗೆ ಬರುವುದೇ ಇಲ್ಲ. ಕ್ಷಮೆ ಸಿಕ್ಕಿತು ಅಂತ ನಾತಾನ ಹೇಳುತ್ತಾನೆ, ಆದರೂ ಮಗು ಸಾಯುತ್ತದೆ. ಬೈಬಲ್ಲು ಎರಡನ್ನೂ ಮುಚ್ಚಿಡದೆ ಬರೆದಿದೆ. ನಿಮ್ಮ ಕಥೆಗೂ ಆ ಧೈರ್ಯ ಬೇಕು. ಅವನು ದೇವರ ಮುಂದೆ ಮೊಣಕಾಲೂರಲಿ, ಬೇಡ ಅನ್ನುವುದಿಲ್ಲ. ಆದರೆ ಮರುದಿನ ಹೆಂಡತಿಯ ತವರಿಗೆ ಬಸ್ಸು ಹತ್ತಲೇಬೇಕು. ಅಲ್ಲಿ ಯಾರೂ ಎದ್ದು ನಿಂತು ಹಾಡುವುದಿಲ್ಲ. ಮಾವ ಒಳಗೆ ಕರೆಯದೇ ಇರಬಹುದು. ಮಗಳಿಗೆ ಅವನ ಗುರುತೇ ಸಿಗದಿರಬಹುದು. ಮಾರಿದ ಬಂಗಾರದ ಲೆಕ್ಕ ಏನಾಯಿತು?

ಇನ್ನು ಸಣ್ಣವು. ಕಥೆ ನಡೆಯುವುದು 2012ರಲ್ಲಿ, ಅವನು ಸಾರಾಯಿ ಪ್ಯಾಕೆಟ್ ಹಲ್ಲಿನಿಂದ ಹರಿಯುತ್ತಾನೆ. ಸಾರಾಯಿ ನಮ್ಮ ರಾಜ್ಯದಲ್ಲಿ 2007ರಲ್ಲೇ ಬಂದ್ ಆಗಿದೆ. ಅದೇ ವರ್ಷ ಅವನು ಬೀದರಿನಿಂದ ಸೀದಾ ರೈಲು ಹತ್ತಿ ಕಲಬುರಗಿಗೆ ಬರುತ್ತಾನೆ. ಆ ಮಾರ್ಗ ಪೂರ್ತಿ ಆಗಿ ಶುರುವಾದದ್ದು 2017ರಲ್ಲಿ. ಹುಮನಾಬಾದ ಮೇಲೆ ಬಸ್ಸಿನಲ್ಲೇ ಕರೆತನ್ನಿ. ಈ ಕಡೆಯ ಓದುಗರು ಇಂಥದ್ದನ್ನು ತಕ್ಷಣ ಹಿಡಿಯುತ್ತಾರೆ, ಆಮೇಲೆ ಉಳಿದದ್ದನ್ನೂ ನಂಬುವುದಿಲ್ಲ.

ಆ ಒಂದು ಸಾಲಿನ ಕೂಟದ ರಾತ್ರಿಯಿಂದಲೇ ಕಥೆ ಶುರು ಮಾಡಿ. ಬಾಲ್ಯದ ಮೂರು ಪುಟ ತೆಗೆದುಹಾಕಿ, ಪೇಟಿ ಕಲಿತದ್ದಷ್ಟೇ ಎಲ್ಲಾದರೂ ನಡುವೆ ಬರಲಿ. ಹೆಂಡತಿಗೆ ಮಾತು ಕೊಡಿ. ಕೊನೆ ಹೇಗಾಗಬೇಕು ಅಂತ ನಾನು ಹೇಳುವುದಿಲ್ಲ, ಆಕೆ ಏನನ್ನುತ್ತಾಳೆ ಅನ್ನುವುದು ಬರೆಯುವಾಗ ನಿಮಗೇ ತಿಳಿಯುತ್ತದೆ. ಕ್ರಿಸ್‌ಮಸ್ ಸಂಚಿಕೆಗೆ ಆಗಲೇಬೇಕು ಅಂತ ಅವಸರ ಮಾಡಬೇಡಿ. ಕೈಬರಹದಲ್ಲೇ ಕಳಿಸಿದರೂ ನಡೆಯುತ್ತದೆ, ಓದಿ ಉತ್ತರ ಬರೆಯುತ್ತೇನೆ.