ಶಾಸಕರನ್ನು ಚರಂಡಿಯಿಂದ ಅಳೆಯಬೇಡಿ

ಓದುಗರ ಪತ್ರ: ನಮ್ಮ ಶಾಸಕರು ಸದನದಲ್ಲಿ ಚೆನ್ನಾಗಿ ಮಾತನಾಡುತ್ತಾರಂತೆ. ಆದರೆ ಮದುವೆ, ಗೃಹಪ್ರವೇಶಗಳಿಗೆ ಬರುವುದಿಲ್ಲ. ನಮ್ಮ ಬೀದಿಯ ಚರಂಡಿ ಮೂರು ವರ್ಷದಿಂದ ಹಾಗೆಯೇ ಇದೆ. ಇಂಥವರನ್ನು ಮತ್ತೆ ಗೆಲ್ಲಿಸಬೇಕೇ? — ಒಬ್ಬ ನಿವೃತ್ತ ಶಿಕ್ಷಕ

ಸಂಪಾದಕರ ಉತ್ತರ:

ಮೇಷ್ಟ್ರೇ, ಚರಂಡಿ ನಾರುತ್ತಿದ್ದರೆ ಸಿಟ್ಟು ಬರುವುದು ಸಹಜ, ಒಪ್ಪಿದೆ. ಆದರೆ ಅದು ಪಂಚಾಯಿತಿಯ ಕೆಲಸ. ಮಕ್ಕಳಿಗೆ ಪೌರನೀತಿ ಕಲಿಸಿದ ನೀವೇ ಇದನ್ನು ಮರೆತರೆ ಹೇಗೆ?

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ನೆನಪಿಸಿಕೊಳ್ಳಿ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಹೊತ್ತಿಕೊಂಡ 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹದಿಂದ ಬಂದವರು ಅವರು. ಮರುವರ್ಷವೇ ಶಾಸಕರಾದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಅವರನ್ನು ಗೆಲ್ಲಿಸಿತು. ಅವರು ಎಷ್ಟು ಮದುವೆಗಳಲ್ಲಿ ಉಂಡರು ಎಂದು ಇಂದು ಯಾರಾದರೂ ಕೇಳುತ್ತಾರೆಯೇ? ಗೇಣಿದಾರನಿಗೆ ಭೂಮಿ ಸಿಗಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಬೇಕು ಎಂದು ಸದನದಲ್ಲಿ ಗುಡುಗಿದ್ದನ್ನು ನೆನೆಯುತ್ತೇವೆ. 1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಎರಡನ್ನೂ ಕಾಣಲು ಅವರಿರಲಿಲ್ಲ.

ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರನ್ನು ನೀವು ಎದುರಿಗೆ ತರಬಹುದು. ತನ್ನಿ! ನೀರು ಕೊಟ್ಟ ಆ ಮಂತ್ರಿಯೇ 1983ರ ಪಂಚಾಯತ್ ರಾಜ್ ಕಾಯ್ದೆಯ ಹಿಂದಿದ್ದವರು. ಊರಿನ ಕೆಲಸಕ್ಕೆ ಜನ ಬೆಂಗಳೂರಿನ ಬಾಗಿಲು ಕಾಯಬಾರದು ಎಂಬುದೇ ಅದರ ಆಶಯ.

ನಾನು ಹರೆಯದಲ್ಲಿ ಸದನದ ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತವನು. ಹಿಂದಿನ ಸಾಲಿನ ಒಬ್ಬ ಹಿರಿಯ ಶಾಸಕರು ಮಸೂದೆಯ ಪ್ರತಿ ಕಲಮಿಗೂ ಪೆನ್ಸಿಲ್ ಗೆರೆ ಎಳೆದು ತರುತ್ತಿದ್ದರು. ಒಮ್ಮೆ ಒಂದೇ ಒಂದು ಪದಕ್ಕಾಗಿ ಅರ್ಧ ಗಂಟೆ ಹಟ ಹಿಡಿದು ನಿಂತರು. ಮಂತ್ರಿಗಳು ಕೊನೆಗೆ ಅದನ್ನು ತಿದ್ದಿದರು. ಮುಂದಿನ ಚುನಾವಣೆಯಲ್ಲಿ ಆ ಹಿರಿಯರು ಸೋತರು. ಕ್ಷೇತ್ರದವರ ದೂರು ನಿಮ್ಮದೇ: 'ಕೈಗೆ ಸಿಗುವುದಿಲ್ಲ.' ಆ ಸೋಲು ನನ್ನನ್ನು ಇಂದಿಗೂ ನೋಯಿಸುತ್ತದೆ.

ಈಗ ಮಸೂದೆಗಳು ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸಾಗುತ್ತವೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾನೂನು ಮಾಡಿಕೊಂಡಿದೆ. ಎಷ್ಟೋ ವರ್ಷ ಅದರ ಹತ್ತಿರಕ್ಕೂ ಹೋಗಿಲ್ಲ. ನಾವು ಪತ್ರಿಕೆಯವರೂ ತಪ್ಪಿತಸ್ಥರೇ. ಚರ್ಚೆಯ ವರದಿಗೆ ಎರಡು ಸಾಲು, ಗುದ್ದಲಿ ಪೂಜೆಯ ಚಿತ್ರಕ್ಕೆ ಕಾಲು ಪುಟ.

ಚರಂಡಿಯ ಅರ್ಜಿಯನ್ನು ಗ್ರಾಮಸಭೆಗೆ ಒಯ್ಯಿರಿ. ನಿಮ್ಮ ಶಾಸಕರು ಈ ಅವಧಿಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಬಂದ ಉತ್ತರಗಳನ್ನೂ ತರಿಸಿಕೊಂಡು ಓದಿ, ಒಂದು ಪ್ರತಿ ನಮಗೂ ಕಳುಹಿಸಿ. ಒಂದು ಇಡೀ ಪುಟ ತೆಗೆದಿಟ್ಟಿರುತ್ತೇನೆ.