ವೈದ್ಯರಿಗೆ ಹೇಳಲಾಗದೆ ನಿಲ್ಲಿಸಿದ ಮಾತ್ರೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಬಂದ ಆ ವ್ಯಕ್ತಿಗೆ ಅರವತ್ತರ ಆಸುಪಾಸು. ಆಂಜೈನಾ, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ಸಿಗದೆ ಬರುವ ಎದೆನೋವು, ಇದೆಯೆಂದು ತಿಳಿದು ಕೆಲವು ವರ್ಷಗಳಾಗಿವೆ. ದಿನವೂ ಹೃದಯದ ಹೊರೆ ತಗ್ಗಿಸಲು ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್. ಎದೆ ಬಿಗಿದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ನೈಟ್ರೇಟ್ ಮಾತ್ರೆ. “ಇವರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಕೇಳಿದರೆ ಸಿಡುಕುತ್ತಾರೆ” ಎಂದು ಪತ್ನಿಯೇ ಕರೆತಂದಿದ್ದರು.

ಪತ್ನಿಯ ಎದುರು ಅವರು ತುಟಿ ಬಿಚ್ಚಲಿಲ್ಲ. ಪ್ರತ್ಯೇಕವಾಗಿ ಮಾತನಾಡಿದಾಗ ವಿಷಯ ಹೊರಬಂತು. ಮೆಟೊಪ್ರೊಲಾಲ್ ಆರಂಭವಾದಂದಿನಿಂದ ಆಯಾಸ; ಅದಕ್ಕಿಂತ ಹೆಚ್ಚಾಗಿ ಲೈಂಗಿಕ ಶಕ್ತಿ ಕುಂದಿದೆಯೆಂಬ ಕೊರಗು. ವೈದ್ಯರಿಗೆ ಹೇಳಲು ನಾಚಿಕೆ. ಹಾಗಾಗಿ ಕೆಲವು ದಿನ ಮಾತ್ರೆ ಬಿಡುವುದು, ಎದೆ ಬಿಗಿದರೆ ಮತ್ತೆ ಶುರುಮಾಡುವುದು. ಪರಿಚಯದವರೊಬ್ಬರು ಕೊಟ್ಟ ಸಿಲ್ಡೆನಾಫಿಲ್ (ವಯಾಗ್ರಾ ಎಂದು ಹೆಸರಾದ, ನಿಮಿರುವಿಕೆಯ ತೊಂದರೆಗೆ ಕೊಡುವ ಔಷಧ) ಮಾತ್ರೆಗಳೂ ಅವರ ಬಳಿ ಇದ್ದವು. ಪುಣ್ಯಕ್ಕೆ ಇನ್ನೂ ನುಂಗಿರಲಿಲ್ಲ.

ಇದನ್ನು ಅಜಾಗರೂಕತೆ ಎನ್ನಲು ನನಗೆ ಮನಸ್ಸಿಲ್ಲ. ಹೇಳಿಕೊಳ್ಳಲಾಗದ ಸಂಕಟಕ್ಕೆ ಅವರೇ ಕಂಡುಕೊಂಡ ದಾರಿ ಅದು. ಆದರೆ ಅಪಾಯದ ದಾರಿ. ಅದನ್ನು ಅವರಿಗೆ ನೇರವಾಗಿಯೇ ತಿಳಿಸಿದೆ.

ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್‌ಗಳು ಅಡ್ರಿನಲಿನ್‌ನ ಹೊಡೆತದಿಂದ ಹೃದಯವನ್ನು ಕಾಯುತ್ತವೆ. ದೀರ್ಘಕಾಲ ತೆಗೆದುಕೊಂಡು ಹಠಾತ್ತನೆ ಬಿಟ್ಟರೆ ಹೃದಯ ಆ ಹೊಡೆತಕ್ಕೆ ಮೊದಲಿಗಿಂತ ತೀವ್ರವಾಗಿ ಸ್ಪಂದಿಸುತ್ತದೆ. ಬಡಿತ ಏರುತ್ತದೆ, ಆಂಜೈನಾ ಉಲ್ಬಣಿಸುತ್ತದೆ, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ವೈದ್ಯರ ನಿಗಾದಲ್ಲಿ, ಸಾಮಾನ್ಯವಾಗಿ 1ರಿಂದ 2 ವಾರಗಳಲ್ಲಿ, ಪ್ರಮಾಣ ತಗ್ಗಿಸುತ್ತಾ ಹೋಗಬೇಕು. ಇಷ್ಟು ದಿನ ಬಿಟ್ಟು ಹಿಡಿದು ಮಾಡಿರುವುದರಿಂದ ಈಗ ಯಾವ ಪ್ರಮಾಣದಿಂದ ಮುಂದುವರಿಸಬೇಕೆಂದು ಆ ದಿನವೇ ವೈದ್ಯರನ್ನು ಕೇಳಿ ಎಂದೆ.

ಸಿಲ್ಡೆನಾಫಿಲ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪವೂ ಸಡಿಲ ಬಿಡಲಿಲ್ಲ. ಅದೂ ನೈಟ್ರೇಟೂ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಎರಡೂ ಒಟ್ಟಾದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಅದೇ ಗುಂಪಿನ ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಕೂಡದು. ಯಾರಾದರೂ ಈಗಾಗಲೇ ನುಂಗಿದ್ದು ಎದೆನೋವು ಬಂದರೆ, ಆಂಬುಲೆನ್ಸ್ ಕರೆಸಿ, ಬಂದವರಿಗೆ ಆ ಮಾತ್ರೆಯ ಹೆಸರನ್ನು ಮೊದಲು ಹೇಳಬೇಕು. ಅಲ್ಲಿ ಸಂಕೋಚಕ್ಕೆ ಜಾಗವಿಲ್ಲ. ಅವರು ಆ ಮಾತ್ರೆಗಳನ್ನು ನನ್ನೆದುರೇ ಪತ್ನಿಯ ಕೈಗೆ ಕೊಟ್ಟರು.

ಲೈಂಗಿಕ ತೊಂದರೆಗೆ ಮೆಟೊಪ್ರೊಲಾಲ್ ಒಂದೇ ಕಾರಣವೆಂದು ಹೇಳಲಾಗದು. ರಕ್ತನಾಳಗಳು ಕಿರಿದಾಗುವ ಕಾಯಿಲೆ, ಮಧುಮೇಹ, ಮನಸ್ಸಿನ ಆತಂಕ ಎಲ್ಲವೂ ಕಾರಣವಾಗಬಹುದು. ಹೃದ್ರೋಗ ತಜ್ಞರಿಗೆ ಇದು ಹೊಸ ದೂರೇನಲ್ಲ. ಬಾಯಲ್ಲಿ ಹೇಳಲಾಗದಿದ್ದರೆ ಬರೆದುಕೊಡಿ ಎಂದೆ. ಅಲ್ಲಿಯೇ ಕುಳಿತು ಒಂದು ಚೀಟಿ ಬರೆದರು: ಯಾವ ಮಾತ್ರೆ ಬಿಟ್ಟೆ, ಯಾಕೆ ಬಿಟ್ಟೆ, ಏನು ಬೇಕು.

ನಾಲಿಗೆಯ ಕೆಳಗಿನ ಮಾತ್ರೆಯ ಬಗ್ಗೆ ದಂಪತಿಗೆ ಒಟ್ಟಿಗೆ ಹೇಳಿದೆ. ಎದೆ ಬಿಗಿದರೆ ಕುಳಿತುಕೊಂಡೇ ಇಟ್ಟುಕೊಳ್ಳಬೇಕು, ನಿಂತರೆ ತಲೆಸುತ್ತಿ ಬೀಳಬಹುದು. 5 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಅಥವಾ ಹೆಚ್ಚಿದರೆ ಆಂಬುಲೆನ್ಸ್ ಕರೆಯಬೇಕು. ಕೀಲುನೋವಿಗೆಂದು ಐಬುಪ್ರೊಫೆನ್ ನುಂಗುವ ಅಭ್ಯಾಸವಿದ್ದರೆ ಅದನ್ನೂ ಚೀಟಿಯಲ್ಲಿ ಸೇರಿಸಲು ಹೇಳಿದೆ. ಅದು ಆಸ್ಪಿರಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಚೀಟಿ ಓದಿದ ವೈದ್ಯರು ಔಷಧವನ್ನು ಹಂತಹಂತವಾಗಿ ಬದಲಿಸುತ್ತಿದ್ದಾರೆ. ಪತ್ನಿಗೆ ನಾನು ಕೇಳಿಕೊಂಡದ್ದು ಇಷ್ಟೇ: “ಮಾತ್ರೆ ನುಂಗಿದಿರಾ?” ಎನ್ನುವ ಬದಲು “ಇವತ್ತು ಮೈ ಹೇಗಿದೆ?” ಎಂದು ಕೇಳಿ.